ಖಾಲಿ ಹೊಸ್ತಿಲುಗಳ ಊರು

ತಿರುವನಂತಪುರದ ಪಟ್ಟಂನಲ್ಲಿ ನಮ್ಮ ಬಾಡಿಗೆ ಫ್ಲ್ಯಾಟಿನ ಬಾಗಿಲು ತೆರೆದ ಮೊದಲ ಬೆಳಿಗ್ಗೆಯೇ ನನ್ನ ಎದೆ ಧಸಕ್ಕೆಂದಿತು. ಮೂರನೆಯ ಮಹಡಿಯ ಯಾವ ಬಾಗಿಲ ಮುಂದೆಯೂ ರಂಗೋಲಿ ಇರಲಿಲ್ಲ. ನಮ್ಮ ಧಾರವಾಡದ ಓಣಿಯಲ್ಲಿ ಬಿಸಿಲೇರಿದ ಮೇಲೂ ಹೊಸ್ತಿಲು ಖಾಲಿ ಇದ್ದರೆ ಆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ. ಕೆಳಗಿಳಿದು ನೋಡಿದೆ. ಎರಡನೆಯ ಮಹಡಿಯೂ ಹಾಗೇ, ಮೊದಲನೆಯದೂ ಹಾಗೇ. ಮರಳಿ ಮೇಲೆ ಬಂದೆ. ಎದುರುಮನೆಯ ಹಿರಿಯ ಹೆಂಗಸು ಹಾಲಿನ ಪ್ಯಾಕೆಟ್ ಎತ್ತಿಕೊಳ್ಳಲು ಹೊರಬಂದಾಗ, ನನ್ನ ಹರಕು ಇಂಗ್ಲಿಷಿನಲ್ಲಿ ಯಾರು ಹೋದರೆಂದು ಕೇಳಿಯೇಬಿಟ್ಟೆ.

"ಅಯ್ಯೋ! ಆರು ಮರಿಚ್ಚು?" ಯಾರು ಸತ್ತರು ಎಂದು ಅವರೇ ಗಾಬರಿಯಾಗಿ ನನ್ನನ್ನು ಕೇಳಿದರು.

ಹೊಸ್ತಿಲು ತೋರಿಸಿ, ಗಾಳಿಯಲ್ಲಿ ಚುಕ್ಕಿ ಇಟ್ಟು, ಕೈಬಾಯಿ ಸೇರಿಸಿ ವಿವರಿಸಿದೆ. ಅರ್ಥವಾದ ಮೇಲೆ ಅವರು ಗೋಡೆ ಹಿಡಿದುಕೊಂಡು ನಕ್ಕರು. ಓಮನ ಚೇಚಿ ಪರಿಚಯವಾದದ್ದು ಹೀಗೆ. ಚೇಚಿ ಎಂದರೆ ಅಕ್ಕ. ಸಂಜೆ ನನ್ನ ಗಂಡನೂ ಬಿಡಲಿಲ್ಲ. "ಇಲ್ಲೆ ದಿನಾ ಹಾಕೂದಿಲ್ಲಂತ. ಓಣಂ ಬಂದಾಗ ಹೂವಿಂದು ಹಾಕ್ತಾರ. ನೀ ಬಂದ ಮೊದಲನೇ ದಿನಾನ ಇಡೀ ಬಿಲ್ಡಿಂಗಿನ ಮಂದೀನ್ನ ಸಾಯಿಸಿದಿ ನೋಡು!"

ನಗು ಅವತ್ತಿಗೆ ಮುಗಿಯಿತು. ಗಂಡ ರಾಕೆಟ್ ಸಂಸ್ಥೆಗೆ, ಮಗಳು ಸಿಂಧು ಶಾಲೆಗೆ ಹೋದ ಮೇಲೆ ಉಳಿಯುತ್ತಿದ್ದುದು ನಾನು ಮತ್ತು ಕುಕ್ಕರಿನ ಸೀಟಿ. ಊರಲ್ಲಿ ಕಾಯಿಪಲ್ಲೆ ತರಲು ಹೋದರೆ ದಾರಿಯುದ್ದಕ್ಕೂ ಮಾತು, ಮನೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಇಲ್ಲಿ "ಎತ್ರ?" ಎಂದು ಬೆಲೆ ಕೇಳಿದರೆ ನನ್ನ ಮಲಯಾಳಂ ಮುಗಿಯಿತು. ಧಾರವಾಡದಿಂದ ಹೊತ್ತು ತಂದ ಜೋಳದ ಹಿಟ್ಟಿಗೆ ಇಲ್ಲಿನ ತೇವಕ್ಕೆ ಹುಳ ಬಿತ್ತು. ಅದನ್ನು ಚೆಲ್ಲುವಾಗ ಕಣ್ಣೀರು ಹಾಕಿದೆ ಎಂದರೆ ಊರಿನವರು ನಕ್ಕಾರು. ಆದರೂ ಅತ್ತೆ.

ರಂಗೋಲಿಯನ್ನು ಮಾತ್ರ ಬಿಡಲಿಲ್ಲ. ಅದನ್ನು ಕಲಿಸಿದವಳು ನನ್ನನ್ನು ಸಾಕಿದ ದೊಡ್ಡವ್ವ. "ಹೊಸ್ತಿಲಾ ಮಾತಾಡ್ತದ ನೋಡವಾ, ಖಾಲಿ ಬಿಡಬ್ಯಾಡ" ಎನ್ನುತ್ತಿದ್ದಳು. ಸಿಂಧುವನ್ನು ಕೂಡಿಸಿಕೊಂಡು ಹಾಕಬೇಕೆಂಬುದು ನನ್ನ ಆಸೆ. "ಬಾ, ಚುಕ್ಕಿ ಇಡೂಣು" ಎಂದರೆ "ವೇಂಡ ಅಮ್ಮಾ", ಬೇಡಮ್ಮಾ, ಎಂದು ದಾಟಿಕೊಂಡು ಹೋಗುವಳು. ಕನ್ನಡ ಎಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಶಾಲೆಯಲ್ಲಿ ಬೇಗನೆ ಕಲಿತ ಮಲಯಾಳಂನಲ್ಲಿ. ಗೆಳತಿಯರ ಮನೆಯಲ್ಲಿಲ್ಲದ್ದು ತನ್ನ ಮನೆಯಲ್ಲೇಕೆ ಎಂಬ ನಾಚಿಕೆ ಅವಳಿಗೆ.

ಓಣಂ ಬಂತು. ಕಟ್ಟಡದ ಮಕ್ಕಳು ಕೆಳಗಡೆ ಪೂಕ್ಕಳಂ, ಅಂದರೆ ಹೂವಿನ ರಂಗೋಲಿ, ಹಾಕಲು ಸೇರಿದ್ದರು. ನಮ್ಮ ತುಂಬೆ ಹೂವನ್ನು ಅವರು ತುಂಬ ಎನ್ನುತ್ತಾರೆ. ಆ ಬಿಳಿ ಹೂವನ್ನು ಅಂಗೈಯಲ್ಲಿ ಕಂಡಾಗ ತವರಿನವರು ಯಾರೋ ಸಿಕ್ಕಂತಾಯಿತು. ಮಕ್ಕಳು ದಾರಕ್ಕೆ ಸೀಮೆಸುಣ್ಣ ಕಟ್ಟಿ ವೃತ್ತ ಎಳೆಯುತ್ತಿದ್ದರು. ದಾರ ಜಾರಿ ಅದು ಪ್ರತಿಸಲವೂ ಸೊಟ್ಟಗಾಗಿ ಜಗಳ ಹತ್ತುತ್ತಿತ್ತು. ನಾನು ಸೆರಗು ಸಿಕ್ಕಿಸಿಕೊಂಡು ಕೂತೆ. ಚುಕ್ಕಿ ಇಟ್ಟು, ಚಿಟಿಕೆ ಪುಡಿಯಲ್ಲಿ ಎಂಟು ಎಸಳಿನ ಕಮಲ ಎಳೆದೆ. ಗದ್ದಲ ನಿಂತಿತು.

"ಎಂಡೆ ಅಮ್ಮಯಾ!" ನನ್ನ ಅಮ್ಮ, ಎಂದಳು ಸಿಂಧು, ಎಲ್ಲರಿಗೂ ಕೇಳುವ ಹಾಗೆ.

ಆಮೇಲೆ ರಜೆ ಬಂತೆಂದರೆ ಮಕ್ಕಳೆಲ್ಲ ನಮ್ಮ ಬಾಗಿಲಲ್ಲೇ. ದೀಪಾವಳಿಗೆ ಹೊಸ್ತಿಲಿಂದ ಮೆಟ್ಟಿಲವರೆಗೂ ದೊಡ್ಡ ರಂಗೋಲಿ ಹಾಕುವುದೆಂದು ತೀರ್ಮಾನವಾಯಿತು. ಬಣ್ಣದ ಪುಡಿಗಳನ್ನು ಡಬ್ಬಿಗಳಲ್ಲಿ ತುಂಬಿಟ್ಟುಕೊಂಡೆವು.

ಹಬ್ಬ ಹತ್ತಿರವಿರುವಾಗ ಚಿಕ್ಕಪ್ಪನ ಫೋನ್ ಬಂತು. ದೊಡ್ಡವ್ವ ಹೋಗಿದ್ದಳು. "ನೀ ಬರೂತನಾ ಇಡಾಕ ಆಗೂದಿಲ್ಲವಾ. ಅಲ್ಲೇ ತಲಿಮ್ಯಾಲ ನೀರು ಹಾಕ್ಕೋ" ಎಂದ. ಗಂಡ ಕೆಲಸದ ಮೇಲೆ ಶ್ರೀಹರಿಕೋಟೆಗೆ ಹೋಗಿದ್ದ. ತಲೆಗೆ ನೀರು ಹಾಕಿಕೊಂಡೆ. ಸಿಂಧುವಿಗೆ ಏನೂ ಹೇಳದೆ, ಮರುದಿನ ಅವಳನ್ನು ಶಾಲೆಗೆ ಕಳಿಸಿ ಬಾಗಿಲು ಮುಚ್ಚಿದೆ.

ಹೊಸ್ತಿಲಿಗೆ ರಂಗೋಲಿ ಹಾಕಲಿಲ್ಲ. ಅಲ್ಲಾಗಿದ್ದರೆ ಅಷ್ಟೇ ಸಾಕಿತ್ತು, ಓಣಿಯ ಹೆಂಗಸರು ಕಂಡು ಒಳಗೆ ಬರುತ್ತಿದ್ದರು, ಅವರ ಕೊರಳು ತಬ್ಬಿ ಅಳಬಹುದಿತ್ತು. ಇಲ್ಲಿ ಯಾರಿಗೆ ತಿಳಿಯಬೇಕು? ಎಲ್ಲರ ಹೊಸ್ತಿಲೂ ಖಾಲಿ. ಸಾವಾದ ಮನೆ, ಸಾವಿಲ್ಲದ ಮನೆ ಇಲ್ಲಿ ಒಂದೇ ಥರ ಕಾಣುತ್ತವೆ. ಅಷ್ಟು ಒಂಟಿತನ ನನಗೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಬೆಲ್ ಆಯಿತು. ಓಮನ ಚೇಚಿ. ಅವರು ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ಕಾಲ ಬಳಿ ನೆಲ ನೋಡುತ್ತಿದ್ದರು.

"ಮೋಳೇ, ಕೋಲಂ ಇಲ್ಲಲ್ಲೋ." ಮಗಳೇ, ರಂಗೋಲಿ ಇಲ್ಲವಲ್ಲ. ಆಮೇಲೆ ತಡೆದು, ಮೊದಲ ದಿನ ನನ್ನನ್ನು ಕೇಳಿದ ಅದೇ ಮಾತನ್ನು ಮೆಲ್ಲಗೆ ಕೇಳಿದರು. "ಆರು ಮರಿಚ್ಚು?"

ಅವರಿಗೆ ಒಂದಕ್ಷರ ತಿಳಿಯದ ನನ್ನ ಧಾರವಾಡದ ಮಾತಿನಲ್ಲಿ ಎಲ್ಲ ಹೇಳಿಕೊಂಡು ಅತ್ತೆ. ಅವರು ಬೆನ್ನು ಸವರುತ್ತ ಕೂತರು, ಆಮೇಲೆ ನನ್ನ ಅಡುಗೆಮನೆಗೆ ಹೋಗಿ ಹಾಲಿಲ್ಲದ ಕಟ್ಟನ್ ಚಹಾ ಮಾಡಿಕೊಟ್ಟರು.

ಸಂಜೆ ಮಕ್ಕಳು ಓಡಿಬಂದಾಗ ಚೇಚಿಯೇ ಅವರನ್ನು ತಡೆದು ಕಳಿಸಿದರು. ಸಿಂಧು ಬಣ್ಣದ ಡಬ್ಬಿ ಹಿಡಿದುಕೊಂಡು ನನ್ನ ಪಕ್ಕ ನಿಂತಳು. ವಿಷಯ ಹೇಳಿದೆ. ಡಬ್ಬಿಯನ್ನು ಮೇಲಿಟ್ಟು ಬಂದು, "ದೊಡ್ಡಜ್ಜಿ ಇನ್ನ ಬರೂದಿಲ್ಲೇನು?" ಎಂದಳು. ಕನ್ನಡದಲ್ಲಿ ಕೇಳಿದಳೆಂದು ನನಗೆ ಹೊಳೆದದ್ದು ಆಮೇಲೆ.

ದೀಪಾವಳಿ ಹಾಗೇ ಹೋಯಿತು. ಅಷ್ಟೂ ದಿನ ಮಕ್ಕಳು ನಮ್ಮ ಬಾಗಿಲ ಮುಂದೆ ಸದ್ದಿಲ್ಲದೆ ನಡೆದರು. ಸೂತಕ ಕಳೆದ ಮೇಲೆ ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಎಲ್ಲರೂ ಸಾಲಾಗಿ ನಿಂತಿದ್ದರು, ಮುಂದೆ ಸಿಂಧು. "ಇಡಾಮೋ ಆಂಟಿ?" ಹಾಕಬಹುದೇ ಎಂದು ಒಬ್ಬಳು ಕೇಳಿದಳು. ಹಾಕಿರೆಂದೆ. ಸಿಂಧು ನೆಲಕ್ಕೆ ಕೂತು ಮೊದಲ ಚುಕ್ಕಿ ಇಟ್ಟಳು.

ಧಾರವಾಡದಲ್ಲಿ ದೊಡ್ಡವ್ವ ಬಾಡಿಗೆಗಿದ್ದ ಎರಡು ಕೋಣೆಗಳ ಮನೆಗೆ ಬೇರೆಯವರು ಬಂದಿದ್ದಾರಂತೆ. ಅವರು ಹೊಸ್ತಿಲಿಗೆ ರಂಗೋಲಿ ಹಾಕುತ್ತಾರೋ ಇಲ್ಲವೋ, ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.