ಕೂಗು ನುಂಗಿದ ಕೋಳಿ

ಉಡುಪಿಯಿಂದ ಮಧ್ಯಾಹ್ನ ಹೊರಟ ರೈಲು ಹದಿನೈದು ಗಂಟೆ ಓಡಿ ಬೆಳಗಿನ ಜಾವ ನನ್ನನ್ನು ಕುರ್ಲಾದಲ್ಲಿ ಇಳಿಸಿತು. ನಾನು ಒಯ್ದದ್ದು ಎರಡು ಅಂಗಿ, ಮೂರು ಬಗೆಯ ಮಾತ್ರೆ, ಆಧಾರ್ ಕಾರ್ಡಿನ ನಾಲ್ಕು ಝೆರಾಕ್ಸ್. ನಾಲ್ಕು ಯಾಕೆ ಎಂದು ಹೆಂಡತಿ ಕೇಳಿದಾಗ ಚೀಲದ ಜಿಪ್ ಎಳೆದೆ. ಹೋಗುವ ಕಾರಣವನ್ನೂ ಅವಳಿಗೆ ಅರ್ಧವೇ ಹೇಳಿದ್ದೆ: ಮಲಾಡಿನಲ್ಲಿರುವ ಸುಗಂಧಿ ಟೀಚರಿಗೆ ಎಂಬತ್ತು ದಾಟಿತು, ನೋಡಿ ಬರುತ್ತೇನೆ. ಉಳಿದ ಅರ್ಧ ಇಷ್ಟು: ಇಪ್ಪತ್ತೈದು ವರ್ಷದ ಹಿಂದೆ ಅವರನ್ನು ಸಂಡೇ ಸ್ಕೂಲಿನಿಂದ ಬಿಡಿಸಿದವನು ನಾನು. ಅದನ್ನು ಅವರಿಗೆ ಹೇಳಿ ಕ್ಷಮೆ ಕೇಳಬೇಕಿತ್ತು.

ನಮ್ಮೂರ ಚರ್ಚಿನ ಪಕ್ಕದ ಕೋಣೆಯಲ್ಲಿ ಟೀಚರ್ ಸತ್ಯವೇದದ, ಅಂದರೆ ಬೈಬಲಿನ ಕಥೆ ಹೇಳುತ್ತಿದ್ದರು, ಜತೆಗೆ ನಮ್ಮ ಕನ್ನಡವನ್ನೂ ತಿದ್ದುತ್ತಿದ್ದರು. ಮನೆಯಲ್ಲಿ ತುಳು ಆಡುವ ನನಗೆ ‘ಳ’ ಹತ್ತುತ್ತಿರಲಿಲ್ಲ. ಬರೆಯುವಾಗಲೂ ‘ಲ’ವೇ ಬರುತ್ತಿತ್ತು. ತರಗತಿಯಲ್ಲಿ ಆ ರೋಗ ನನಗೊಬ್ಬನಿಗೇ. ಯೇಸುವನ್ನು ಹಿಡಿದುಕೊಂಡು ಹೋದಾಗ ಶಿಷ್ಯ ಪೇತ್ರ ‘ಅವನು ಯಾರೋ ನನಗೆ ಗೊತ್ತಿಲ್ಲ’ ಎಂದು ಮೂರು ಸಲ ಹೇಳುತ್ತಾನೆ, ಕೋಳಿ ಕೂಗುತ್ತದೆ, ಪೇತ್ರ ಅಳುತ್ತಾನೆ. ವೇದದಲ್ಲಿ ಇರುವುದು ಇಷ್ಟೇ. ಟೀಚರ್ ಹೇಳುವ ಕಥೆಯ ಕೋಳಿಗೆ ಮಾತ್ರ ಪೇತ್ರನ ಮೇಲೆ ಕನಿಕರ. ತಾನು ಕೂಗಿದರೆ ಅವನ ಮಾನ ಹೋಗುತ್ತದೆ, ಅವನೇ ನಿಜ ಹೇಳಲಿ ಎಂದು ಅದು ಕಾಯುತ್ತದೆ, ಬಂದ ಕೂಗನ್ನು ನುಂಗುತ್ತದೆ. ಟೀಚರ್ ಎಡಗೈಯಲ್ಲಿ ತಮ್ಮ ಕುತ್ತಿಗೆ ಬಿಗಿಹಿಡಿದು, ಕಣ್ಣರಳಿಸಿ ಅದನ್ನು ತೋರಿಸುತ್ತಿದ್ದರು. ಕೊನೆಗೆ ತಡೆಯಲಾಗದೆ ಕೂಗಿಬಿಟ್ಟ ಕೋಳಿ, ಪೇತ್ರನ ಜತೆ ತಾನೂ ಅಳುತ್ತಿತ್ತು.

ಇಪ್ಪತ್ತಾರನೇ ವಯಸ್ಸಿನಲ್ಲಿ ನಾನು ಆರು ತಿಂಗಳ ವೇದಪಾಠದ ಕೋರ್ಸ್ ಮುಗಿಸಿ ಬಂದೆ. ಆರು ತಿಂಗಳಲ್ಲಿ ಎಷ್ಟು ತಿಳಿಯಲು ಸಾಧ್ಯವೋ ಅದಕ್ಕಿಂತ ಬಹಳ ಹೆಚ್ಚು ತಿಳಿದಿದ್ದೆ. ವೇದದಲ್ಲಿ ಇಲ್ಲದ ಅಳುವ ಕೋಳಿಯನ್ನು ಮಕ್ಕಳ ತಲೆಗೆ ತುಂಬಿಸಲಾಗುತ್ತಿದೆ ಎಂದು ಚರ್ಚ್ ಸಭೆಯ ಹಿರಿಯರಿಗೆ ಹೆಸರು ಹಾಕದೆ ಒಂದು ಚೀಟಿ ಬರೆದೆ. ಹಿರಿಯರು ಟೀಚರ ಕೈಗೆ ಅಚ್ಚಾದ ಪಾಠಪುಸ್ತಕ ಕೊಟ್ಟು, ಇನ್ನು ಮುಂದೆ ಇದನ್ನೇ ಓದಿ ಎಂದರು. ಎರಡು ಭಾನುವಾರ ಓದಿದರು. ಮೂರನೆಯದಕ್ಕೆ ಬರಲಿಲ್ಲ. ಅದೇ ವರ್ಷ ಮುಂಬಯಿಗೆ, ಮಗಳ ಮನೆಗೆ ಹೋದರು.

ಈಗ ಆ ಪುಸ್ತಕ ಓದುವವನು ನಾನು. ಮಕ್ಕಳು ಆಕಳಿಸುತ್ತಾರೆ. ಕಳೆದ ತಿಂಗಳು ಒಬ್ಬಳು ಹುಡುಗಿ, “ಸರ್, ಕೋಳಿಗೆ ಬೇಜಾರಾಗ್ಲಿಲ್ವಾ?” ಎಂದಳು. “ಅದು ಪಾಠದಲ್ಲಿ ಇಲ್ಲ” ಎಂದೆ. ಹೇಳಿ ಪುಟ ಮಗುಚಿದೆ. ಅಪ್ಪನ ಹೆಣದ ಪಕ್ಕ ಕೂತಾಗಲೂ, ಶುಗರ್ ರಿಪೋರ್ಟಿಗೆ ಕಾಯುವಾಗಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೋರ್ಸಿನ ನೋಟ್ಸ್ ಅಲ್ಲ. ನನ್ನ ಮಾನ ಉಳಿಯಲಿ ಎಂದು ಮೇಲೆ ಯಾರೋ ತಮ್ಮ ಗಂಟಲು ಹಿಡಿದುಕೊಂಡು ಕಾಯುತ್ತಿದ್ದಾರೆ ಎಂಬುದೇ ನನ್ನ ನಂಬಿಕೆ. ಅದು ಟೀಚರ ಕೋಳಿಯಿಂದ ಬಂದದ್ದು. ಅದೇ ಭಾನುವಾರ ಮನೆಗೆ ಹೋಗಿ ಟಿಕೆಟ್ ಮಾಡಿಸಿದೆ.

ಕುರ್ಲಾದಲ್ಲಿ ಇಳಿದವನು, ಇಷ್ಟು ಬೇಗ ಯಾರ ಮನೆಗೂ ಹೋಗಬಾರದೆಂಬ ನೆಪದಲ್ಲಿ ದಾದರಿನ ಉಡುಪಿ ಹೋಟೆಲೊಂದರಲ್ಲಿ ಇಡ್ಲಿ ತಿಂದು, ಮೂರು ಚಹಾ ಕುಡಿದೆ. ಫಾಸ್ಟ್ ಲೋಕಲ್ ಮಲಾಡಿನಲ್ಲಿ ನಿಲ್ಲುವುದಿಲ್ಲ ಎಂದು ಯಾರೋ ಹೆದರಿಸಿದ್ದರಿಂದ ಎರಡು ಸ್ಲೋ ಗಾಡಿಗಳನ್ನೂ ಅನುಮಾನದಿಂದ ಬಿಟ್ಟೆ. ಬಾಂದ್ರಾ ದಾಟುವಾಗ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಾಲೀಮು ಮಾಡಿದೆ, ಅಂಧೇರಿಯಲ್ಲಿ ಇನ್ನೊಮ್ಮೆ. ತುಟಿ ಅಲುಗಿರಬೇಕು. ಕೂತಿದ್ದ ಯುವಕನೊಬ್ಬ “ತಬಿಯತ್ ಠೀಕ್ ಹೈ ನಾ, ಅಂಕಲ್?” ಎಂದು ಎದ್ದು ಸೀಟು ಕೊಟ್ಟ. ಸ್ಟೇಷನ್ನಿನಿಂದ ಆಟೋಗೆ ಮೂವತ್ತೆರಡು ರೂಪಾಯಿ. ಅಕ್ಟೋಬರಿನ ಬಿಸಿಲು ಹತ್ತು ಗಂಟೆಗೇ ಸುಡುತ್ತಿತ್ತು.

ಎರಡನೇ ಮಹಡಿಯ ಬಾಗಿಲಲ್ಲೇ ಟೀಚರ್ ನಿಂತಿದ್ದರು. “ಎಂತದು ಮಾರಾಯ, ಕೂದಲೆಲ್ಲ ರೈಲಲ್ಲೇ ಬಿಟ್ಟು ಬಂದ್ಯಾ?”

ಮಗಳು ಡ್ಯೂಟಿಗೆ ಹೋಗಿದ್ದರು. ಮೊಮ್ಮಗಳು ರೀನಾಗೆ ಆಫೀಸ್ ರಜೆ. ನನ್ನ ವಾಪಸು ರೈಲು ಅದೇ ಮಧ್ಯಾಹ್ನ ಎಂದು ತಿಳಿದು ಅವಳು ಬೇಗ ಊಟಕ್ಕೆ ಹಾಕಿದಳು: ನೀರುದೋಸೆ, ಕೋಳಿ ಸಾರು.

“ಅಂಕಲ್, ಕೋಳಿ ತಗೊಳ್ಳಿ ನಾ,” ಎಂದವಳು ತಾನೇ ನಕ್ಕಳು. “ಪತಾ ಹೈ, ಚಿಕ್ಕವಳಿದ್ದಾಗ ನಂಗೆ ಕೋಳಿ ಅಂದ್ರೆ ಮೀನು ಹಿಡಿಯೋರು. ಮರಾಠಿಯಲ್ಲಿ ಹಾಗೇ ಅಲ್ವಾ? ಪೇತ್ರ ಸುಳ್ಳು ಹೇಳಿದ, ಕೋಳಿ ಕೂಗಿತು ಅಂತ ಅಜ್ಜಿ ಸ್ಟೋರಿ ಹೇಳೋರು. ಪೇತ್ರ ಮೀನು ಹಿಡಿಯೋನೇ ತೋ ಥಾ! ಸುಳ್ಳು ತಡ್ಕೊಳ್ಳೋಕೆ ಆಗ್ದೆ ಅವನೇ ಕೂಗಿದ ಅಂದ್ಕೊಂಡಿದ್ದೆ. ಟೆಂತ್ ತನಕ!”

“ತಿದ್ದಲಿಲ್ವಾ ಟೀಚರ್?” ಎಂದೆ.

“ಎಂತಕ್ಕೆ ತಿದ್ದುದು? ಕೂಗ್ಬೇಕಾದವ ಅವನೇ ಅಲ್ವಾ? ಪಾಪ, ಕೋಳಿಗೆ ಒಂದು ಕೆಲಸ ಕಡಿಮೆ ಆಯ್ತು.”

ರೀನಾ ದೋಸೆ ತರಲು ಒಳಗೆ ಹೋದಳು. “ಈಗ ಯಾರಿಗೆ ಕಥೆ ಹೇಳ್ತೀರಿ?” ಎಂದು ಕೇಳಿದೆ.

“ಯಾರಿಗೆ ಹೇಳ್ಲಿ? ಇವಳು ದೊಡ್ಡವಳಾದ್ಲು. ಇಲ್ಲಿಯ ಚರ್ಚಲ್ಲಿ ಕರೆದಿದ್ರು. ನಾನೇ ಹೋಗ್ಲಿಲ್ಲ. ಹೆದರಿಕೆ ಮಾರಾಯ, ಪುನಃ ಯಾರಾದ್ರೂ ಚೀಟಿ ಬರೆದ್ರೆ?”

ತಾಲೀಮು ಮಾಡಿದ ಮಾತು ನಾಲಿಗೆಯ ತುದಿಗೆ ಬಂತು. “ಟೀಚರ್, ಆ ಚೀಟಿ...”

“ಹಿರಿಯರು ತೋರಿಸಿದ್ರು,” ಎಂದರು ಟೀಚರ್. “ಕೋಳಿಗೆ ‘ಕೋಲಿ’ ಅಂತ ಬರ್ದಿತ್ತು. ಯಾರ ಅಕ್ಷರ, ಗುರುತುಂಟಾ ಅಂತ ಕೇಳಿದ್ರು. ಗೊತ್ತಿಲ್ಲ ಅಂದೆ.”

ಆಮೇಲೆ ಅವರು ನನ್ನ ಮುಖ ನೋಡುತ್ತಾ ಕೂತರು. ಒಂದೇ ಒಂದು ವಾಕ್ಯ ಸಾಕಿತ್ತು. ಅದಕ್ಕಾಗಿಯೇ ನಾನು ಅಷ್ಟು ದೂರ ಬಂದಿದ್ದೆ.

“ದೋಸೆ ತುಂಬಾ ಮೆತ್ತಗಿದೆ ಟೀಚರ್,” ಎಂದೆ.

ಅವರು ಇನ್ನೂ ಸ್ವಲ್ಪ ಹೊತ್ತು ಕಾದರು. “ರೀನಾ, ಇವನಿಗೆ ಇನ್ನೊಂದು ಹಾಕು,” ಎಂದರು.

ರೈಲು ತಪ್ಪೀತು ಎಂದು ಮೂರು ತಾಸು ಮೊದಲೇ ಎದ್ದೆ. ಕೆಳಗಿಳಿದು ಆಟೋಗೆ ಕೈ ಮಾಡಿ ಒಮ್ಮೆ ಮೇಲೆ ನೋಡಿದೆ. ಟೀಚರ್ ಬಾಲ್ಕನಿಗೆ ಬಂದು ಬಲಗೈ ಬೀಸುತ್ತಿದ್ದರು. ಎಡಗೈಯಲ್ಲಿ ತಮ್ಮ ಕುತ್ತಿಗೆ ಹಿಡಿದುಕೊಂಡಿದ್ದರು.

ಆಟೋದವನು ಮೀಟರ್ ಹಾಕಿದ. ನಾನು ಹತ್ತಿ ಕೂತೆ.