ಅವ್ವ ಆರಿಸಿದ ಕಾಯಿಲು

ಇವತ್ತು ಬೆಳಿಗ್ಗೆ ಮನೆಯ ಹೊಸ ಇಂಡಕ್ಷನ್ ಒಲೆಯ ಮೇಲೆ ಹಾಲು ಕಾಯಿಸಲು ಹಿತ್ತಾಳೆಯ ಪಾತ್ರೆ ಇಟ್ಟೆ. ಒಲೆ ಕುಂಯ್ ಕುಂಯ್ ಎಂದು ಗೋಳಾಡಿತು. ಪಾತ್ರೆ ತಣ್ಣಗೆ ಕೂತೇ ಇತ್ತು. ಅಯಸ್ಕಾಂತ ಹಿಡಿಯುವ ಪಾತ್ರೆಯೇ ಬೇಕೆಂದು ಅಂಗಡಿಯವನು ಸಾರಿ ಸಾರಿ ಹೇಳಿದ್ದ. ಕಬ್ಬಿಣ ಕಾಯಿಸುವವರ ಮಗಳು ನಾನು, ನನಗೇ ನೆನಪಾಗಲಿಲ್ಲ ನೋಡಿ. ನಗು ಬಂತು. ಹಿಂದೆಯೇ ನಮ್ಮ ವರ್ಕ್‌ಶಾಪಿಗೆ ಬಂದ ಮೊದಲ ಕಾಯಿಲು, ಕಬ್ಬಿಣ ಕಾಯಿಸುವ ತಾಮ್ರದ ಸುರುಳಿ, ನೆನಪಾಯಿತು, ಅದನ್ನು ಆರಿಸಿದ ಅವ್ವ ನೆನಪಾದಳು. ನೆನಪಾದಳು ಎಂದೆನೆಂದು ಗಾಬರಿಯಾಗಬೇಡಿ. ಅವಳು ಪಡಸಾಲೆಯಲ್ಲೇ ಕೂತು ಮೆಂತೆ ಸೊಪ್ಪು ಸೋಸುತ್ತಿದ್ದಾಳೆ.

ಅಪ್ಪನ ವರ್ಕ್‌ಶಾಪು ಉದ್ಯಮಬಾಗದ ಕಾರ್ಖಾನೆಗಳ ನಡುವೆ ಇದೆ. ಟ್ರ್ಯಾಕ್ಟರ್ ಟ್ರಾಲಿಗೆ ಬೇಕಾದ ಕೊಂಡಿ, ಪಿನ್ನು ಇಂಥವನ್ನು ಅಲ್ಲಿ ಮಾಡುತ್ತೇವೆ. ಆಗ ಎಣ್ಣೆಯ ಭಟ್ಟಿಯಲ್ಲಿ ರಾಡು ಕಾಯಿಸಿ, ದೊಡ್ಡ ಹ್ಯಾಮರಿನ ಕೆಳಗಿಟ್ಟು ಬಡಿಯುತ್ತಿದ್ದರು. ಅದರ ಬಡಿತಕ್ಕೆ ಎದುರಿನ ಚಹಾದಂಗಡಿಯ ಗ್ಲಾಸುಗಳು ಕುಣಿಯುತ್ತಿದ್ದವು. ಹ್ಯಾಮರ್ ನಡೆಸುವ ಇಮಾಮಸಾಬ ಚಾಚಾ ಕಿವಿಗೆ ಹತ್ತಿ ತುರುಕಿಕೊಂಡು ಮೇಲೆ ಟವೆಲ್ಲು ಸುತ್ತುತ್ತಿದ್ದರು. ಅಪ್ಪ ಮಾತ್ರ ಬರಿಗಿವಿಯಲ್ಲಿ ಪಕ್ಕದಲ್ಲೇ ನಿಲ್ಲುವುದು. ಕಬ್ಬಿಣ ಸರಿಯಾಗಿ ಕಾದಿದ್ದರೆ ಪೆಟ್ಟು ಧಪ್ ಎನ್ನುತ್ತದೆ, ಆರಿದ್ದರೆ ಠಣ್ ಎನ್ನುತ್ತದೆ. ಅದನ್ನು ಕೇಳಿಯೇ ಅಪ್ಪ ರಾಡನ್ನು ಮತ್ತೆ ಭಟ್ಟಿಗೆ ಕಳಿಸುತ್ತಿದ್ದುದು.

"ಕಿವಿ ಮುಚ್ಚಿಕೊಂಡು ನಿಂತ್ರ, ಕಬ್ಬಿಣ ಏನ್ ಹೇಳಾಕತ್ತೈತಿ ಅಂತ ಹ್ಯಾಂಗ ಗೊತ್ತಾಗಬೇಕು?" ಎನ್ನುತ್ತಿದ್ದ. ಕಬ್ಬಿಣ ಹೇಳಿದ್ದನ್ನೆಲ್ಲ ಕೇಳುತ್ತ ಕೇಳುತ್ತ ಅಪ್ಪನಿಗೆ ಮನೆಯವರು ಹೇಳಿದ್ದು ಕೇಳಿಸದಂತಾಯಿತು.

ಮನೆಯವರು ಎಂದರೆ ಮುಖ್ಯವಾಗಿ ಅವ್ವ. ಖಾನಾಪುರದ ಹುಡುಗಿ, ಪಿಸುಮಾತಿನವಳು. ಸಿಟ್ಟು ಬಂದರೂ ಅವಳ ದನಿ ಏರುವುದಿಲ್ಲ, ಇನ್ನಷ್ಟು ಇಳಿಯುತ್ತದೆ. ಜೋರಾಗಿ ಮಾತಾಡು ಎಂದರೆ ಕೆಮ್ಮುತ್ತಾಳೆ, ಮೊದಲಿನಷ್ಟೇ ಮೆತ್ತಗೆ ಇನ್ನೊಮ್ಮೆ ಹೇಳುತ್ತಾಳೆ. ಇಂಥ ಬಾಯಿಗೂ ಅಂಥ ಕಿವಿಗೂ ಗಂಟು ಬಿದ್ದಿತ್ತಲ್ಲ, ನಡುವೆ ನಾನೊಬ್ಬಳು ಬೇಕಾದೆ. ಅವ್ವ ನನಗೆ ಹೇಳುವುದು, ನಾನು ಅಪ್ಪನಿಗೆ ಒದರುವುದು. ನಿಜ ಹೇಳಬೇಕೆಂದರೆ ಆ ಕೆಲಸದ ಜಂಬವೂ ನನಗಿತ್ತು. ಇವತ್ತಿಗೂ ಬ್ಯಾಂಕಿನಲ್ಲಿ ನಾನು ಬಾಯಿ ತೆರೆದರೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಾರೆ.

"ಅಪ್ಪಾ, ಬದನಿಕಾಯಿ ಮಾಡಬೇಕೋ ಹೀರಿಕಾಯಿ ಮಾಡಬೇಕೋ ಅಂತ ಅವ್ವ ಕೇಳಾಕತ್ತಾಳ!" ಎಂದು ನಾನು ಕೂಗಿದರೆ, ಅಪ್ಪ ಬಾಯಿ ಬಿಡುವ ಮೊದಲೇ ಪಕ್ಕದ ಮನೆಯಿಂದ, "ಬದನಿಕಾಯಿನಽ ಮಾಡ್ರಿ, ನಮಗೂ ಒಂದಿಷ್ಟು ಕಳಸ್ರಿ" ಎಂದು ಉತ್ತರ ಬರುತ್ತಿತ್ತು. ರಾಮತೀರ್ಥ ನಗರದ ನಮ್ಮ ಓಣಿಗೆ ನಮ್ಮ ಸಂಸಾರ ಬಾಯಿಪಾಠವಾಗಿತ್ತು.

ಒಂದು ದಿನ ಅಪ್ಪ ಯಾರದೋ ಮದುವೆಗೆಂದು ನೀಲಿ ಅಂಗಿ ತೊಟ್ಟು ಹೊರಟಿದ್ದ. ಅವ್ವ ಬಾಗಿಲಲ್ಲಿ ನಿಂತು ನೋಡಿ ನನ್ನ ಕಿವಿಯಲ್ಲಿ, "ಈ ಬಣ್ಣ ಅವರಿಗೆ ಭಾಳ ಒಪ್ಪತೈತಿ ಅಂತ ಹೇಳು" ಎಂದಳು. ನಾನೋ ಡ್ಯೂಟಿಗೆ ಸದಾ ಸಿದ್ಧ. "ಅಪ್ಪಾ! ನೀ ಭಾಳ ಚಂದ ಕಾಣ್ತಿ ಅಂತ! ಅವ್ವ ಹೇಳಾಕತ್ತಾಳ!" ಓಣಿಯಲ್ಲಿ ತರಕಾರಿಯವನು ಗಾಡಿ ನಿಲ್ಲಿಸಿ ನಕ್ಕ. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಅಲ್ಲಿಂದಾಚೆ ಅವಳು ಅಂಥ ಮಾತನ್ನು ನನ್ನ ಕೈಯಲ್ಲಿ ಕಳಿಸಲೇ ಇಲ್ಲ. ಗ್ಯಾಸು ಮುಗಿದದ್ದು, ನಲ್ಲಿ ಸೋರುವುದು, ಇಂಥವಷ್ಟೇ ಬರತೊಡಗಿದವು. ಉಳಿದದ್ದೆಲ್ಲ ಎಲ್ಲಿಗೆ ಹೋಗುತ್ತಿತ್ತೋ, ನನಗೆ ಗೊತ್ತಿಲ್ಲ.

ಕಿವಿಯ ಡಾಕ್ಟರು, ಹೋದದ್ದು ಹೋಯಿತು, ಇನ್ನು ಹ್ಯಾಮರ್ ಪಕ್ಕ ನಿಂತರೆ ಉಳಿದದ್ದೂ ಹೋಗುತ್ತದೆ ಎಂದರು. ಕಿವಿಗೆ ಮಷಿನ್ನು ಕೊಟ್ಟರು. ಅದನ್ನು ಹಾಕಿಕೊಂಡು ಅಪ್ಪ ವರ್ಕ್‌ಶಾಪಿಗೆ ಹೋದ; ಮೊದಲ ಪೆಟ್ಟಿಗೇ ತಲೆ ಹಿಡಿದುಕೊಂಡು ಕೂತ. ಆಮೇಲೆ ಅದು ಟ್ರಂಕು ಸೇರಿತು. ಅವತ್ತು ಅವ್ವ ನನ್ನೆದುರು ಕೂತು ಅತ್ತಳು.

"ಇರೋ ಅಷ್ಟು ಕಿವಿ ಉಳೀಲೆವಾ. ನನ್ನ ಮಾತು ನಾನಽ ಅವರ ಜೋಡಿ ಆಡಬೇಕು ಅನ್ನಸ್ತೈತಿ. ಎಷ್ಟಂತ ನಿನ್ನ ಕೈಯಾಗ ಕೊಟ್ಟು ಕಳಸಲಿ?"

ಇದನ್ನು ಮಾತ್ರ ನಾನು ಯಾರಿಗೂ ಕೂಗಿ ಹೇಳಲಿಲ್ಲ. ಮಾರನೆಯ ದಿನದಿಂದ ಹೊಸ ಯಂತ್ರ ಹುಡುಕಲು ಶುರುಮಾಡಿದೆ. ಹ್ಯಾಮರಿನ ಬದಲು ಸ್ಕ್ರೂ ಪ್ರೆಸ್ಸು. ಅದು ಬಡಿಯುವುದಿಲ್ಲ, ಒತ್ತುತ್ತದೆ. ಭಟ್ಟಿಯ ಬದಲು ಇಂಡಕ್ಷನ್ ಹೀಟರು; ತಾಮ್ರದ ಕೊಳವೆಯನ್ನು ಸುರುಳಿ ಸುತ್ತಿದ ಕಾಯಿಲಿನೊಳಗೆ ರಾಡು ತೂರಿಸಿದರೆ ಬೆಂಕಿಯಿಲ್ಲದೆ ಕಾಯುತ್ತದೆ, ಪ್ರತಿ ರಾಡೂ ಒಂದೇ ಹದಕ್ಕೆ ಕಾಯುತ್ತದೆ. ಹದ ಯಂತ್ರವೇ ನೋಡಿಕೊಂಡರೆ ಪೆಟ್ಟಿನ ಸಪ್ಪಳಕ್ಕೆ ಕಿವಿಗೊಡುವ ಕೆಲಸವೇ ಇಲ್ಲ. ಅಪ್ಪನಿಗೆ ಇದನ್ನೆಲ್ಲ ಕೂಗಿ ಹೇಳುವಷ್ಟರಲ್ಲಿ ನನ್ನ ಗಂಟಲು ಕಟ್ಟಿತು.

"ನಿನ್ನ ಪ್ರೆಸ್ಸು ನೀನಽ ಇಟ್ಕೋ" ಎಂದ ಅಪ್ಪ. ಆಗ ಇಮಾಮಸಾಬ ಚಾಚಾ ನಡುವೆ ಬಂದರು. ಹತ್ತಿ ತುರುಕಿಯೂ ಅವರ ಕಿವಿ ಪೂರ್ತಿ ಉಳಿದಿರಲಿಲ್ಲ. "ತಗೋರಿ ಸಾವ್ಕಾರ್ರ. ನಮ್ ಮನ್ಯಾಗೂ ಇದಽ ಹಾಲತ್ ಐತಿ. ಬೀಬಿ ಏನರೆ ಅಂದ್ಲು ಅಂದ್ರ ನಾ ಹೂಂ ಅಂತೀನ್ರಿ. ಏನಕ್ಕ ಹೂಂ ಅಂದೆ ಅಂತ ಆಮ್ಯಾಲೆ ಗೊತ್ತಾಗತೈತಿ." ಅಪ್ಪ ನಕ್ಕ. ನಕ್ಕಮೇಲೆ ಅಪ್ಪನಿಗೆ ಹಟ ಮಾಡಲು ಬರುವುದಿಲ್ಲ.

ಕಾಯಿಲು ಆರಿಸುವ ದಿನ ಅವ್ವನೂ ಬಂದಳು. ವರ್ಕ್‌ಶಾಪಿನ ಒಳಗೆ ಅವಳು ಕಾಲಿಟ್ಟದ್ದೇ ಅಪರೂಪ. ಕಂಪನಿಯ ಮನುಷ್ಯ ಸಣ್ಣದು, ನಡುವಿನದು, ದೊಡ್ಡದು ಎಂದು ಕಾಯಿಲುಗಳನ್ನು ಟೇಬಲ್ಲಿನ ಮೇಲಿಟ್ಟ. ರಾಡಿನ ದಪ್ಪಕ್ಕೆ ತಕ್ಕಂತೆ ತಗೊಳ್ಳಿ ಎಂದೂ ಹೇಳಿದ. ನಮ್ಮ ಕೆಲಸವೆಲ್ಲ ಹೆಬ್ಬೆರಳು ದಪ್ಪದ ರಾಡಿನದು. ಮುಂಗೈ ದಪ್ಪದ್ದು ಎಂದೋ ಒಮ್ಮೆ. ಅವ್ವ ಎಲ್ಲವನ್ನೂ ಮುಟ್ಟಿ ನೋಡಿ, ಎಲ್ಲಕ್ಕಿಂತ ದೊಡ್ಡದರ ಮೇಲೆ ಕೈಯಿಟ್ಟಳು.

"ದೊಡ್ಡದ್ರಾಗ ಸಣ್ಣದು ಹೋಕ್ಕೈತಿ. ಸಣ್ಣದ್ರಾಗ ದೊಡ್ಡದು ಹೋಗಂಗಿಲ್ಲ. ನಾಳೆ ಕೆಲಸ ಬೆಳೀಬೇಕಲ್ಲ?"

ಇದಕ್ಕೆ ಯಾರು ಎದುರಾಡುತ್ತಾರೆ ಹೇಳಿ! ರವಿವಾರ ಪೇಟೆಯಲ್ಲಿ ನನಗೆ ಅಂಗಿ, ಚಪ್ಪಲಿ, ರೇನ್‌ಕೋಟು ಎಲ್ಲವನ್ನೂ ಅವಳು ಕೊಂಡದ್ದು ಇದೇ ಶಾಸ್ತ್ರದ ಮೇಲೆ. ರೇನ್‌ಕೋಟಿನೊಳಗೆ ನಾನು ಶಾಲೆಗೆ ಹೋದದ್ದು ನಡೆದಾಡುವ ಡೇರೆಯ ಹಾಗೆ. ಆ ಕೋಟಿಗೆ ನಾನು ಇನ್ನೂ ಬೆಳೆದಿಲ್ಲ. ಆದರೂ ಅವತ್ತು ನಾನು ತಲೆಯಾಡಿಸಿದೆ, ಅಪ್ಪ ತಲೆಯಾಡಿಸಿದ, ಚಾಚಾ ಸುಭಾನಲ್ಲಾ ಎಂದರು. ಕಂಪನಿಯವನು ಏನೋ ಹೇಳಹೋಗಿ, ನಮ್ಮೆಲ್ಲರ ಮುಖ ನೋಡಿ ಬಿಲ್ಲು ಬರೆಯತೊಡಗಿದ.

ಕಾಯಿ ಒಡೆದು, ಕುಂಕುಮವಿಟ್ಟು, ಹೀಟರು ಚಾಲೂ ಮಾಡಿದೆವು. ದೊಡ್ಡ ಸುರುಳಿಯ ನಡುವೆ ಸಣ್ಣ ರಾಡು ಒಂಟಿಯಾಗಿ ನಿಂತಿತು. ಎಲ್ಲರೂ ಬಗ್ಗಿ ನೋಡಿದೆವು, ನೋಡಿದೆವು, ಸೊಂಟ ನೋಯತೊಡಗಿತು. ರಾಡು ಮಂಕಾಗಿ ಒಂದಿಷ್ಟು ಕೆಂಪಾಗಿ ಅಲ್ಲಿಗೇ ನಿಂತುಬಿಟ್ಟಿತು. ಪ್ರೆಸ್ಸಿನ ಕೆಳಗಿಟ್ಟರೆ ಕೊಂಡಿಯ ಅಚ್ಚು ತುಂಬಲಿಲ್ಲ. ಅಪ್ಪ ಮೂಲೆಯಲ್ಲಿ ಇನ್ನೂ ಇದ್ದ ಹ್ಯಾಮರಿನತ್ತ ನೋಡಿ ಚಾಚಾಗೆ ಕೈಸನ್ನೆ ಮಾಡಿದ. ಭಟ್ಟಿ ಹೊತ್ತಿತು, ಬಡಿತ ಶುರುವಾಯಿತು. ಅವ್ವ ಆ ಸಪ್ಪಳದಲ್ಲಿ ಗೋಡೆಗೆ ಒರಗಿ, ಒಂದೊಂದು ಪೆಟ್ಟಿಗೂ ಕಣ್ಣು ಮುಚ್ಚುತ್ತ ನಿಂತಿದ್ದಳು. ಅವಳ ಮುಖ ನೋಡಲಾಗದೆ ನಾನು ಹೊರಗೆ ಬಂದೆ.

ಮನೆಯಲ್ಲಿ ಅವಳು ಮಾತು ಬಿಟ್ಟಳು. ಗ್ಯಾಸು, ನಲ್ಲಿ ಯಾವುದೂ ನನ್ನ ಕೈಗೆ ಬರಲಿಲ್ಲ. ನಾನೇ ಹೋಗಿ, "ಏನರೆ ಹೇಳೂದೈತೇನವಾ?" ಎಂದು ಕೇಳಿದರೆ, "ನಾ ಹೇಳಿದ್ದು ಸಾಕಾಗಲಿಲ್ಲೇನ?" ಎಂದಳು. ಹ್ಯಾಮರೇ ಬೇಕೆಂದಿದ್ದ ಅಪ್ಪನಿಗೆ ಹ್ಯಾಮರು ಸಿಕ್ಕಿತ್ತಲ್ಲ, ಖುಷಿಯಾಗಿರಬೇಕಿತ್ತು. ಎದುರಿಗೆ ಬಡಿಸಿದ ರೊಟ್ಟಿ ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದ. ಅವಳ ಮಾತು ಕೇಳಿಸದಿದ್ದರೂ, ಅವಳು ಮಾತು ಬಿಟ್ಟದ್ದು ಅಪ್ಪನಿಗೆ ಗೊತ್ತಾಗುತ್ತಿತ್ತು. ಒಂದು ಬೆಳಿಗ್ಗೆ ವರ್ಕ್‌ಶಾಪಿಗೆ ಹೋದವನು ಕಾಯಿಲನ್ನು ಬಿಚ್ಚಿ ಚೀಲದಲ್ಲಿಟ್ಟುಕೊಂಡು ಮನೆಗೆ ಬಂದ.

"ನಡಿ, ಖಾನಾಪುರಕ್ಕ ಹೋಗೂಣು" ಎಂದ, ಅವ್ವನಿಗೆ. "ನಿಮ್ಮ ತಮ್ಮ ಫ್ರಿಜ್ಜಿನ ತಾಮ್ರದ ನಳಗಿ ಬಗ್ಗಸ್ತಾನಲ್ಲ, ಇದನ್ನೂ ಬಗ್ಗಸ್ಲಿ. ನಿನ್ನ ಕಾಯಿಲು ಚಾಲೂ ಆಗೂತನಕ ನಾ ಬಿಡಂಗಿಲ್ಲ."

ನಿನ್ನ ಕಾಯಿಲು ಎಂದ, ನೋಡಿ.

ಖಾನಾಪುರದಲ್ಲಿ ಸೋದರಮಾವನ ರಿಪೇರಿ ಅಂಗಡಿ. ಕಂಪನಿಯವರು ಫೋನಿನಲ್ಲಿ, ಸುತ್ತಿನ ಲೆಕ್ಕ ಅಷ್ಟೇ ಇರಲಿ, ಹೊಟ್ಟೆ ಮಾತ್ರ ಕಿರಿದಾಗಲಿ, ಸುರುಳಿ ಹತ್ತಿರವಿದ್ದರೇ ರಾಡು ಕಾಯುವುದು ಎಂದು ವಿವರಿಸಿದರು. ಮಾವ ಅವ್ವನ ಮುಖ ನೋಡಿ, "ಘಾಬರಿ ಕಶಾಲಾ, ಯಾಕ ಅಂಜತಿ, ಅಕ್ಕಾ? ಇದು ಅಂಗಿ ಅಲ್ಲ, ಕೈಗೆ ಹಾಕೂ ಬಳಿ ಐತಿ. ಮೈಗೆ ಹತ್ತರ ಇರಬೇಕು, ತಟ್ಟಬಾರದು, ಅಷ್ಟಽ" ಎಂದ.

ಅವ್ವ ಎದ್ದು ಕೂತಳು. "ಅಯ್ಯ! ಬಳಿ ಅಂತ ಮೊದಲಽ ಹೇಳಾಕೇನಾಗಿತ್ತು ಆ ಮನಶ್ಯಾಗ?"

ಆಮೇಲೆ ಮಾವನ ಹಳೆಯ ಪೈಪುಗಳ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ನಮ್ಮ ರಾಡನ್ನು ಒಂದು ಕೈಯಲ್ಲಿ ಹಿಡಿದು, ಬಳೆಗಾರ್ತಿಯ ಹಾಗೆ ಪೈಪುಗಳನ್ನು ಒಂದೊಂದಾಗಿ ತೂರಿಸಿ ನೋಡಿ ಒಂದನ್ನು ಆರಿಸಿದಳು. ಮಾವ ತಾಮ್ರದ ಕೊಳವೆ ಚಪ್ಪಟೆಯಾಗದಿರಲೆಂದು ಅದರೊಳಗೆ ಮಲಪ್ರಭೆಯ ಒಣ ಮರಳು ತುಂಬಿ, ಕಾಯಿಸಿ, ಆ ಪೈಪಿಗೆ ಸುತ್ತಿದ. ಅಪ್ಪ ಒಂದು ತುದಿ ಹಿಡಿದಿದ್ದ. ಅವ್ವ ಎದುರಿಗೆ ಕೂತು, "ಸಡ್ಲ ಆತು, ಬಿಗಿ ಹಿಡೀರಿ" ಎನ್ನುತ್ತಿದ್ದಳು. ಅವಳ ತುಟಿ ನೋಡಿಕೊಂಡೇ ಅಪ್ಪ ಬಿಗಿಹಿಡಿಯುತ್ತಿದ್ದ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನು ಸಿಹಿ ಕುಂದಾ ತಿನ್ನುತ್ತ ಕೂತೆ.

ಮರಳು ಚೆಲ್ಲಿ, ತೊಳೆದು, ವರ್ಕ್‌ಶಾಪಿಗೆ ತಂದು ಕಾಯಿಲು ಕೂರಿಸಿ ರಾಡು ತೂರಿಸಿದರೆ, ನಾವು ಬಗ್ಗುವಷ್ಟರಲ್ಲಿ ಅದು ಕಿತ್ತಳೆ ಬಣ್ಣಕ್ಕೆ ಬಂತು. ಪ್ರೆಸ್ಸು ಒತ್ತಿತು. ಅಚ್ಚಿನಿಂದ ಕೊಂಡಿ ಹೊರಬಂದಾಗ ಚಾಚಾ ತಮ್ಮ ಕಿವಿಯ ಹತ್ತಿ ಕಿತ್ತು ಬಿಸಾಕಿದರು. ಹ್ಯಾಮರು ಲಾರಿ ಹತ್ತುವ ದಿನ ಅಪ್ಪ ಅದನ್ನು ಮುಟ್ಟಿ ನಮಸ್ಕಾರ ಮಾಡಿ ಅತ್ತ. ಇಷ್ಟು ವರ್ಷ ಅನ್ನ ಹಾಕಿದ್ದು ಅದೇ ಅಲ್ಲವೆ, ನಾನೂ ಅತ್ತೆ. ಅವ್ವ ಮಾತ್ರ ಅಳಲಿಲ್ಲ. ಟ್ರಂಕಿನಿಂದ ಕಿವಿಯ ಮಷಿನ್ನು ತೆಗೆದು, ಒರೆಸಿ, ಅಪ್ಪನ ಕಿಸೆಯಲ್ಲಿಟ್ಟಳು.

ಹೋದ ಕಿವಿ ಮರಳಿ ಬರಲಿಲ್ಲ, ಉಳಿದದ್ದು ಉಳಿಯಿತು. ಇದನ್ನೆಲ್ಲ ಬರೆಯುತ್ತ ಒಳಗೆ ಕೂತಿದ್ದೇನೆ. ಪಡಸಾಲೆಯಲ್ಲಿ ಅಪ್ಪ ಬಂದು ಅವ್ವನ ಪಕ್ಕ ಕೂತದ್ದು ಕಾಣಿಸುತ್ತಿದೆ. ಸೊಪ್ಪಿನ ಬುಟ್ಟಿ ಬದಿಗೆ ಸರಿಸಿ ಅವಳು ಅವನತ್ತ ಬಾಗಿ ಏನೋ ಹೇಳಿದಳು. ಅಪ್ಪ ನಕ್ಕ, ಕಣ್ಣಲ್ಲಿ ನೀರು ಬರುವ ಹಾಗೆ, ತೊಡೆ ತಟ್ಟಿಕೊಂಡು ನಕ್ಕ. ನನಗೆ ಒಂದಕ್ಷರ ಕೇಳಿಸಲಿಲ್ಲ. ತಡೆಯಲಾಗದೆ ಇಲ್ಲಿಂದಲೇ, ಹಳೆಯ ದನಿಯಲ್ಲೇ, "ಏನವಾ, ಏನಂದಿ?" ಎಂದು ಕೂಗಿದೆ.

ಅವ್ವ ತಲೆಯೆತ್ತಲಿಲ್ಲ. ಅಪ್ಪ ಮಷಿನ್ನು ಹಾಕಿದ ಕಿವಿಗೆ ಕೈ ಅಡ್ಡ ಹಿಡಿದು ನನ್ನತ್ತ ತಿರುಗಿದ.

"ಯಾಕ ಹಂಗ ಒದರ್ತೀ? ನಾವಿಲ್ಲೆ ಮಾತಾಡಾಕತ್ತೀವಿ."