ಎರಡು ಚಾಪೆಯ ಬೇರು

ಆ ಮಧ್ಯಾಹ್ನ ಮಳೆ ಹನಿಯಿತೋ ಇಲ್ಲವೋ ಎಂಬುದೇ ನನಗೆ ಈಗ ಖಚಿತವಿಲ್ಲ. ಹನಿದಿದ್ದರೆ ತಪ್ಪು ನನ್ನದು, ಇಲ್ಲದಿದ್ದರೆ ಬೇರು ತರುತ್ತಿದ್ದ ಆ ಮುದುಕನದು. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆ. ರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದ ನಾನು ಸಾಗರದ ಚಿಕ್ಕಮ್ಮನ ಮನೆಗೆ ಬಂದಿದ್ದೆ. ಇಷ್ಟಂತೂ ನಿಜ.

ಮೊನ್ನೆ ಗೆಳೆಯರೊಬ್ಬರು ದಕ್ಷಿಣ ಅಮೆರಿಕದ ಯೆರ್ಬಾ ಮಾತೆ ಎಂಬ ಎಲೆಯ ಪೊಟ್ಟಣ ಕೊಟ್ಟರು. ಕಾಡಿಗೆ ಕೇಡಾಗದಂತೆ ಕೊಯ್ದದ್ದು, ಬೇರೇನೂ ಬೆರೆಸಿಲ್ಲ ಎಂದು ಅದರ ಮೇಲೆ ಅಚ್ಚಾಗಿತ್ತು. ಬಿಸಿನೀರಲ್ಲಿ ನೆನೆಸಿ ಕುಡಿಯುತ್ತ ಕೂತಾಗ ಚಿಕ್ಕಮ್ಮನ ಅಂಗಳ ತೇಲಿ ಬಂತು.

ಚಿಕ್ಕಮ್ಮ ಸೊಗದೆ ಬೇರಿನ ಕಷಾಯದ ಪುಡಿ ಮಾಡಿ, ವರದಹಳ್ಳಿಗೆ ಬರುವ ಯಾತ್ರಿಕರಿಗೆಂದು ಅಲ್ಲಿನ ಅಂಗಡಿಯೊಂದಕ್ಕೆ ಕೊಡುತ್ತಿದ್ದಳು. ಪೊಟ್ಟಣದ ಮೇಲೆ ತಾನೇ ಬರೆಯುತ್ತಿದ್ದಳು: 'ಸೊಗದೆ, ಜೀರಿಗೆ, ಕೊತ್ತಂಬರಿ. ಮತ್ತೇನೂ ಇಲ್ಲ.' ಬೇರು ತರುತ್ತಿದ್ದವನು ಹೊಸನಗರದ ಕಡೆಯ ಮುದುಕ. ಬಳ್ಳಿಯ ಒಂದು ಮಗ್ಗುಲನ್ನಷ್ಟೇ ಅಗೆದು, ಮಣ್ಣು ಮುಚ್ಚಿ, ಪಾದದಿಂದ ಮೆಲ್ಲಗೆ ಒತ್ತಿ ಬರುತ್ತಿದ್ದನಂತೆ. "ಎಲ್ಲಾ ಕಿತ್ರೆ ಆಮೇಲೆ ನಿಮ್ ಕಷಾಯಕ್ಕೆ ನನ್ ಗಡ್ಡಾನೇ ಹಾಕ್ಬೇಕಾಗ್ತದೆ, ಅಮ್ಮಾ" ಅನ್ನುತ್ತಿದ್ದ.

ಅಂಗಳದಲ್ಲಿ ಎರಡು ಚಾಪೆ. ಒಂದರಲ್ಲಿ ಅವನು ತಂದ ಸೊಗದೆ. ಇನ್ನೊಂದರಲ್ಲಿ, ಉಪ್ಪಿನಕಾಯಿಗೆಂದು ಸಂತೆಯಲ್ಲಿ ಕೊಂಡು ಹೆಚ್ಚಿಟ್ಟ, ಸೊಗದೆಗಿಂತ ದಪ್ಪನೆಯ ಮಾಕಳಿ ಬೇರು. ಬಿಸಿಲೇರಿದಂತೆ ಸಿಹಿ ಪರಿಮಳ ಎದ್ದು, ಇಡೀ ಅಂಗಳವೇ ನೆಲ ಬಿಟ್ಟು ತೇಲುತ್ತಿದೆ ಅನ್ನಿಸುತ್ತಿತ್ತು. ಜಗಲಿಯಲ್ಲಿ ಪುಸ್ತಕ ಹಿಡಿದವನಿಗೆ ಕಣ್ಣು ಎಳೆಯುತ್ತಿತ್ತು. ಹಾಗೊಂದು ಮಧ್ಯಾಹ್ನ ಚಿಕ್ಕಮ್ಮ ಒಳಗಿನಿಂದ "ತಮಾ, ಹನಿ ಬಿತ್ತು, ಚಾಪೆ ಎತ್ತು" ಎಂದು ಕೂಗಿದಳು. ನಾನು ಗಡಿಬಿಡಿಯಲ್ಲಿ ಎರಡು ಬುಟ್ಟಿಗೆ ಹೇಗೆ ಹೇಗೋ ಸುರಿದೆ. ಅಥವಾ ಹಾಗೆಂದು ಕನಸು ಕಂಡೆ.

ಎರಡು ದಿನದ ಮೇಲೆ ಸೊಗದೆಯ ಬುಟ್ಟಿಯಲ್ಲಿ ದಪ್ಪನೆಯ ಬಿಳಿ ಚೂರುಗಳು ಸಿಕ್ಕವು. ಆ ಹೊತ್ತಿಗೇ ಮುದುಕ ಮತ್ತೊಂದು ಚೀಲ ಹೊತ್ತು ಬಂದ.

"ತೂಕಕ್ಕೆ ಇಂವನೇ ಬೆರೆಸಿದ್ದು ಚಿಕ್ಕಮ್ಮ. ಮೂಸಿರೆ ಗೊತ್ತಾಗ್ತು, ಮಾಕಳಿ" ಎಂದೆ.

"ನೀ ಸುಮ್ಮಂಗಿರು. ಅಂವ ಹಾಂಗೆ ಮಾಡಂವ ಅಲ್ಲ" ಎಂದಳು. ದನಿ ಮಾತ್ರ ಗಟ್ಟಿಯಿರಲಿಲ್ಲ. ಪೊಟ್ಟಣದ ಮೇಲೆ ಬರೆದುಕೊಡಬೇಕಾದವಳು ಅವಳು.

ಮುದುಕ ಸಿಟ್ಟಾಗಲಿಲ್ಲ. "ಮೂಗಿಗೆ ಗೊತ್ತಾಗ್ತದಾ ಸಣ್ಣ ಭಟ್ರೆ? ಕಣ್ ಮುಚ್ಕಳಿ, ನೋಡಾಣ" ಎಂದು ನನ್ನ ಮೂಗಿಗೆ ಒಂದಾದ ಮೇಲೊಂದು ಚೂರು ಹಿಡಿದ.

"ಎರಡನೇದು ಮಾಕಳಿ" ಎಂದೆ.

"ಓದಿದ್ ಮೂಗು" ಎಂದ.

ಕಣ್ಣು ಬಿಟ್ಟಾಗ ಅವನ ಎರಡೂ ಮುಷ್ಟಿ ಮುಚ್ಚಿದ್ದವು. ಬಿಚ್ಚಿ ತೋರಿಸಿದನೇ? ಒಂದು ನೆನಪಿನಲ್ಲಿ ನಾನು ಹೇಳಿದ್ದು ಸರಿ. ಗೆಳೆಯರಿಗೆ ವರ್ಷಗಟ್ಟಲೆ ಹಾಗೇ ಹೇಳಿಕೊಂಡು ಬಂದಿದ್ದೇನೆ. ಇನ್ನೊಂದರಲ್ಲಿ ಎರಡು ಅಂಗೈಯಲ್ಲೂ ತೆಳ್ಳಗಿನ ಸೊಗದೆಯೇ ಇದೆ.

ಅವನು ಚಿಕ್ಕಮ್ಮನ ಕಡೆ ತಿರುಗಿದ. "ನಿಮ್ಗೂ ಅನುಮಾನನಾ ಅಮ್ಮಾ? ಇದ್ರೆ ಹೇಳ್ಬಿಡಿ."

ಚಿಕ್ಕಮ್ಮ ಚಾಪೆ ನೋಡುತ್ತ ನಿಂತಳು. ಅವನು ಚೀಲ ಹೆಗಲಿಗೇರಿಸಿ ಹೊರಟ. ಮತ್ತೆ ಬರಲಿಲ್ಲ.

ಒಂದು ವರ್ಷ ಪೇಟೆಯ ಬೇರು ತಂದು ನೋಡಿದಳು. ಯಾರು ಎಲ್ಲಿ ಅಗೆದದ್ದೋ ತಿಳಿಯದ ಬೇರು. 'ಮತ್ತೇನೂ ಇಲ್ಲ' ಎಂದು ಬರೆಯಲು ಕೈ ಬರುವುದಿಲ್ಲವೆಂದು ಪುಡಿ ಮಾಡುವುದನ್ನೇ ಬಿಟ್ಟಳು. ಮಳೆಯ ವಿಷಯ ಅವಳನ್ನು ನಾನು ಕೇಳಲೇ ಇಲ್ಲ.

ಎಂಬತ್ತರ ದಶಕದಲ್ಲಿ, ಬೇರೇನೋ ಹುಡುಕುತ್ತ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೂತಿದ್ದಾಗ, ಒಂದು ಸಂಗತಿಯನ್ನು ಮಾತ್ರ ಪರಿಶೀಲಿಸಿ ಖಾತ್ರಿ ಮಾಡಿಕೊಂಡೆ: ಸೊಗದೆ ಮತ್ತು ಮಾಕಳಿ, ಎರಡೂ ಬೇರುಗಳ ಪರಿಮಳಕ್ಕೆ ಮುಖ್ಯ ಕಾರಣ ಒಂದೇ ರಾಸಾಯನಿಕ.